ಅಲುಗಾಡದವರಿಗೆ ಬೆಳಕಿಲ್ಲ

ರುದ್ರಪ್ಪ ಕಾಕಾ,

ಶರಣು. ನೀವು ತೀರಿಕೊಂಡು ಎರಡು ವರ್ಷವಾದ ಮೇಲೆ ನಿಮ್ಮ ಶಿಷ್ಯ ಬಸವರಾಜನಿಗೆ ನಿಮಗೊಂದು ಪತ್ರ ಬರೆಯಲು ಪುರಸೊತ್ತು ಸಿಕ್ಕಿದೆ. ಮೊದಲು ಎಲ್ಲಿಂದ ಸಿಗಬೇಕು ಹೇಳಿ? ಬೈಲಹೊಂಗಲದ ಪೇಟೆಯಲ್ಲಿ ನನ್ನ ಅಂಗಡಿ ಈಗ ಎರಡು ಶಟರಿನದು. ಬೋರ್ಡಿನ ಮೇಲೆ ‘ಕರೆಂಟು ಉಳಿಸುವ ಆಧುನಿಕ ಬೆಳಕಿನ ತಜ್ಞರು’ ಎಂದು ಬರೆಸಿದ್ದೇನೆ. ತಜ್ಞರಂತೆ! ಹತ್ತನೆಯ ತರಗತಿಯ ಗಣಿತದಲ್ಲಿ ನಪಾಸಾಗಿ ನಿಮ್ಮ ಹಿಂದೆ ಏಣಿ ಹೊತ್ತು ತಿರುಗಿದವನು ಈಗ ಒಬ್ಬನೇ ‘ತಜ್ಞರು’ ಆಗಿದ್ದೇನೆ. ಹಾಳೂರಿಗೆ ಉಳಿದವನೇ ಗೌಡ ಅಂದ ಹಾಗೆ. ನಗುವುದಿದ್ದರೆ ನಕ್ಕುಬಿಡಿ.

ಮೊದಲ ಸೆನ್ಸರ್ ಬಲ್ಬನ್ನು ತಂದು ನಿಮ್ಮ ಪಡಸಾಲೆಯಲ್ಲಿ ಹಚ್ಚಿ ತೋರಿಸಿದ ದಿನ ನೆನಪಿದೆಯೇ? ನಾನು ಕುಣಿದಾಡುತ್ತ ಒಳಗೆ ಬರುವುದು, ಅದು ಹತ್ತುವುದು. ಹೊರಗೆ ಹೋಗುವುದು, ಅದು ಆರುವುದು. ನೀವು ಕುರ್ಚಿಯಿಂದ ಏಳದೆ ಎಲೆ ಅಡಿಕೆ ಮೆಲ್ಲುತ್ತ ನೋಡಿದಿರಿ. ಕೊನೆಗೆ ನಿಮ್ಮ ಬಾಯಿಂದ ಬಂದದ್ದು ಇಷ್ಟು: “ಇದಕ್ಕ ಮನಶ್ಯಾ ಕಾಣಂಗಿಲ್ಲಲೇ ಬಸ್ಯಾ. ಬಿಸಿ ಮೈ ಅಲ್ಲಾಡಿದ್ದಷ್ಟ ಗೊತ್ತಾಗತೈತಿ. ನಿನಗೂ ಹತ್ತತೈತಿ, ನಾಯಿಗೂ ಹತ್ತತೈತಿ.” ನನಗೆ ಎಷ್ಟು ಸಿಟ್ಟು ಬಂದಿತ್ತೆಂದರೆ... ಮುದುಕನಿಗೆ ಹೊಟ್ಟೆಕಿಚ್ಚು ಅಂದುಕೊಂಡೆ. ಮರದ ಪಟ್ಟಿಯ ಮೇಲೆ ವೈರು ಎಳೆದ ಕಾಲದವರಿಗೆ ಹೊಸದು ಹೇಗೆ ತಿಳಿಯಬೇಕು ಅಂದುಕೊಂಡೆ. ಮುಚ್ಚಿಟ್ಟು ಏನು ಮಾಡಲಿ, ಅಂದುಕೊಂಡದ್ದು ನಿಜ.

ಅದಾದ ಮೇಲೆ ನಾನು ಕಂಡ ಗಿರಾಕಿಗಳ ಕಥೆ ಹೇಳಿದರೆ ಅಲ್ಲಿಯೂ ನಿಮಗೆ ಬೇಸರ ಕಳೆಯುತ್ತದೆ. ಸವದತ್ತಿಯ ಒಬ್ಬ ಸಾಹುಕಾರನಿಗೆ ಮನೆಯ ದೀಪವೆಲ್ಲ ಫೋನಿನಿಂದಲೇ ಹತ್ತಿ ಆರಬೇಕಿತ್ತು. ಆಯಿತು, ಮಾಡಿಕೊಟ್ಟೆ. ಅವನ ಹೆಂಡತಿ ಸಂಸಾರಸ್ಥೆ, ಮಲಗುವ ಮುಂಚೆ ಗೋಡೆಯ ಬಟನ್ನೆಲ್ಲ ಬಂದ್ ಮಾಡುತ್ತಾಳೆ. ಬಟನ್ ಬಂದಾದ ಮೇಲೆ ಫೋನು ಏನು ಮಾಡೀತು? ಮರುದಿನ ಸಂಜೆ ಸಾಹುಕಾರ ಕತ್ತಲೆಯ ಪಡಸಾಲೆಯಲ್ಲಿ ಕುಳಿತು ಫೋನಿನ ಗಾಜು ಉಜ್ಜಿದ್ದೇ ಉಜ್ಜಿದ್ದು. ಕೈಯಳತೆಯಲ್ಲಿರುವ ಬಟನ್ ಒತ್ತಲು ಮಾತ್ರ ಅವನ ದೊಡ್ಡಸ್ತಿಕೆ ಬಿಡಲೊಲ್ಲದು. ಮುನವಳ್ಳಿಯ ಇನ್ನೊಬ್ಬ ಮಹಾನುಭಾವ ಬೆಳಗಾದರೆ ದೀಪ ಆರಿಸುವ, ಕತ್ತಲಾದರೆ ಹಚ್ಚುವ ಸೆನ್ಸರ್ ಕಣ್ಣನ್ನು ತಂದು ತಾನೇ ಕೂಡಿಸಿದ. ಎಲ್ಲಿ? ಬಲ್ಬಿನ ಕೆಳಗೇ. ಬಲ್ಬು ಹತ್ತಿದರೆ ಕಣ್ಣಿಗೆ ಬೆಳಗಾಯಿತು, ಆರಿಸಿತು. ಆರಿದರೆ ಕತ್ತಲಾಯಿತು, ಹಚ್ಚಿತು. ಊರವರು ಮನೆಯಲ್ಲಿ ಮದುವೆ ಇದೆಯೇನೋ ಎಂದು ಬಂದು ಇಣುಕಿ ಹೋದರು. ಕಿತ್ತೂರಿನಲ್ಲೊಬ್ಬ ಹಿತ್ತಲಿಗೆ ಸೆನ್ಸರ್ ಹಾಕಿಸಿಕೊಂಡ. ಅಲ್ಲಿ ಕಟ್ಟಿದ್ದ ಎಮ್ಮೆ ಒಮ್ಮೆ ಬಾಲ ಬೀಸಿದರೆ ಮುಗಿಯಿತು, ಹಿತ್ತಲೆಲ್ಲ ಬೆಳದಿಂಗಳು.

ಇವರಿಗೆ ಹೇಳಿ ಹೇಳಿ ನನ್ನ ಬಾಯಿ ನೋಯುತ್ತಿತ್ತು ಕಾಕಾ. ಮೆಟ್ಟಿಲಿಗೆ, ಬಚ್ಚಲಿಗೆ ಸೆನ್ಸರ್ ಹಾಕಿ, ಅಲ್ಲಿ ಜನ ಬಂದು ಹೋಗುವವರು. ಅಂಗಳದ ದೀಪಕ್ಕೆ ಬಿಸಿಲು ನೋಡುವ ಕಣ್ಣು ಹಾಕಿ, ಆದರೆ ಬಲ್ಬಿನ ಬೆಳಕು ಬೀಳದ ಕಡೆ. ಬೆಳಕು ಹೆಚ್ಚು ಕಡಿಮೆ ಮಾಡುವ ಡಿಮ್ಮರ್ ಬೇಕಿದ್ದರೆ ಅದಕ್ಕೆ ಒಗ್ಗುವ ಬಲ್ಬನ್ನೇ ತನ್ನಿ, ಸಂತೆಯ ಬಲ್ಬು ಹಾಕಿದರೆ ದುಂಬಿಯ ಹಾಗೆ ಗುಂಯ್‌ಗುಡುತ್ತದೆ. ಕುಳಿತು ಓದುವಲ್ಲಿ, ಬರೆಯುವಲ್ಲಿ ಸಾದಾ ಬಟನ್ ಇರಲಿ. ಇಷ್ಟು ತಿಳಿಯುವುದಕ್ಕೆ ಕಾಶಿಗೆ ಹೋಗಬೇಕೇ? ಕೋಣನ ಮುಂದೆ ಕಿನ್ನರಿ. ಪಕ್ಕದ ಮನೆಯವನು ಹಾಕಿಸಿದ್ದೇ ತಮಗೂ ಬೇಕು, ಅಷ್ಟೇ. ಗಿರಾಕಿ ಎಂದರೆ ತಲೆ ಇಲ್ಲದೆ ಕೈ ಮಾತ್ರ ಇರುವ ಪ್ರಾಣಿ ಎಂದು ಅಂಗಡಿಯಲ್ಲಿ ಕುಳಿತು ನಗುತ್ತಿದ್ದೆ.

ನಿಮ್ಮ ಮಗ ಈರಣ್ಣ ಮಾಸ್ತರ ನನ್ನನ್ನು ಮನೆಗೆ ಕರೆಸಿದ್ದು ನಿಮ್ಮ ವರ್ಷದ ಕಾರ್ಯ ಮುಗಿದ ಮರುವಾರ. ನಿಮಗೆ ಗೊತ್ತೇ ಇದೆಯಲ್ಲ, ಸಾಲೆಯಲ್ಲಿ ವಿಜ್ಞಾನ ಕಲಿಸುತ್ತಾನೆ, ವಿದ್ಯುತ್ ಉಳಿಸಿರಿ ಎಂದು ಮಕ್ಕಳಿಂದ ಗೋಡೆಗೋಡೆಗೂ ಬರೆಸುತ್ತಾನೆ, ಮನೆಯಲ್ಲಿ ತಾನು ಎದ್ದು ಹೋದ ಖೋಲಿಯ ಫ್ಯಾನನ್ನು ಒಂದು ದಿನವೂ ಬಂದ್ ಮಾಡಿದವನಲ್ಲ. ಅವನ ದೂರು ತನ್ನ ಮೇಲಲ್ಲ, ಹಡೆದ ತಾಯಿಯ ಮೇಲೆ. “ಅವ್ವ ಪೂಜಿ ಮುಗಿಸಿ ಬಂದ್ರ ದೇವರ ಖೋಲಿ ಲೈಟ ಬಂದ್ ಮಾಡೂದ ಮರೀತಾಳ ನೋಡಪಾ. ಮಧ್ಯಾಹ್ನದ ಮಟಾ ಉರಕೋತ ಇರತೈತಿ. ಏನರ ಮಾಡು.” ನಿಮ್ಮ ದೇವರ ಖೋಲಿಗೆ ಕಿಟಕಿ ಇಲ್ಲ, ನಡುಹಗಲಲ್ಲೂ ಕತ್ತಲೆಯೇ. ನಾನು ಒಳಗೆ ಇಣುಕಿ ನೋಡಿದೆ, ಹೊರಗೆ ಬಂದೆ, ಚೀಲ ಬಿಚ್ಚಿದೆ. ಚಾ ಆರುವುದರೊಳಗೆ ಸೆನ್ಸರ್ ಕೂಡಿಸಿ, ಎರಡು ನಿಮಿಷಕ್ಕೆ ಆರುವಂತೆ ತಿರುಪು ತಿರುಗಿಸಿ, ಹಳೆಯ ಬಟನ್ನನ್ನೂ ಕಿತ್ತು ತೂತಿಗೆ ಪಟ್ಟಿ ಬಡಿದೆ. ಹೇಗೂ ಮರೆಯುವ ಮುದುಕಿಗೆ ಬಟನ್ ಯಾಕೆ?

ಗೌರವ್ವ ಕಾಕು ಸೀರೆಯ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ಗೋಡೆ ತಡವಿದರು. “ಬಟನ್ ಎಲ್ಲೈತೋ ಬಸು?”

“ಬಟನ್ ಗಿಟನ್ ಇಲ್ರಿ ಕಾಕು. ನೀವು ಬಂದ್ರ ಹತ್ತತೈತಿ, ಹೋದ್ರ ಆರತೈತಿ.”

“ಅಯ್ಯ, ದೀಪ ಆರತೈತಿ ಅನಬಾರದಪಾ. ಶಾಂತ ಆಗತೈತಿ ಅನ್ನು.” ಹಾಗೆಂದು ಒಳಗೆ ಹೆಜ್ಜೆ ಇಟ್ಟರು, ಬಲ್ಬು ಹತ್ತಿತು, ಅವರು ಅದಕ್ಕೂ ಕೈ ಮುಗಿದರು. ಹೊರಗೆ ಬಂದು ಮತ್ತೆ ಒಳಗೆ ಹೋದರು, ಮತ್ತೆ ಕೈ ಮುಗಿದರು. ನಾನೂ ಈರಣ್ಣನೂ ಒಬ್ಬರ ಮುಖ ಒಬ್ಬರು ನೋಡಿ ನಕ್ಕೆವು. ಈಗ ನೆನೆಸಿಕೊಂಡರೆ ಆ ನಗುವಿಗೆ ಯಾರಾದರೂ ಕಪಾಳಕ್ಕೆ ಹೊಡೆಯಬೇಕಿತ್ತು ಅನ್ನಿಸುತ್ತದೆ.

ಅಲ್ಲಿಂದ ನನಗೆ ಕೋಡು ಮೂಡಿದವು. ದೇವರ ಖೋಲಿಯ ದೀಪ ಮರೆಯುವ ಮುದುಕರು ಯಾವ ಊರಲ್ಲಿಲ್ಲ? ಮುರಗೋಡದಲ್ಲಿ ಹಾಕಿದೆ, ಮುನವಳ್ಳಿಯಲ್ಲಿ ಹಾಕಿದೆ, ಕಟಕೋಳದಲ್ಲಿ ಹಾಕಿದೆ. ನಿಮ್ಮ ಮನೆ ಬಿಟ್ಟು ಎಂಟು ಮನೆ. ಕಟಕೋಳದವರು ಸ್ಥಿತಿವಂತರು, ಅವರಿಗೆ ಮೇಲುದರ್ಜೆಯ ಮಾಲು: ಒಮ್ಮೆಲೇ ಕತ್ತಲಾದರೆ ಹಿರಿಯರು ಬೆಚ್ಚಿ ಬೀಳುತ್ತಾರೆಂದು ಮೆಲ್ಲಮೆಲ್ಲಗೆ ಮಂಕಾಗಿ ಆರುವಂಥದ್ದು. ಎಂಥ ಕಾಳಜಿ ನೋಡಿ ನನ್ನದು!

ಹೋದ ಶ್ರಾವಣದ ಒಂದು ಸೋಮವಾರ ಈರಣ್ಣ ಬೆಳಿಗ್ಗೆ ಬೆಳಿಗ್ಗೆಯೇ ಫೋನ್ ಮಾಡಿದ, ಪಡಸಾಲೆಯ ಡಿಮ್ಮರ್ ಗುಂಯ್‌ಗುಡುತ್ತದೆ ಎಂದು. ಸಂತೆಯ ಬಲ್ಬು ಹಾಕಿರುತ್ತಾನೆ, ಮತ್ತೇನು. ಹೋದೆ. ಏಣಿ ಹತ್ತಿದಾಗ ಕೆಳಗಿನಿಂದ ದನಿ ತಗ್ಗಿಸಿ ಹೇಳಿದ: “ಅವ್ವಗ ಮೈ ನಡಗೂ ಜಡ್ಡ ಹತ್ತೇತಿ ಕಾಣಸ್ತೈತೋ ಬಸವರಾಜ. ಪೂಜಿಗೆ ಕುಂತಾಗ ಒಂದ ಗಳಿಗಿ ಸುಮ್ಮ ಇರಂಗಿಲ್ಲ. ಧಾರವಾಡಕ್ಕ ಒಯ್ದು ತೋರಿಸಬೇಕಂತ ಮಾಡೇನಿ.” ನಾನು ಇಳಿದು ಬಾಗಿಲ ಸಂದಿಯಿಂದ ನೋಡಿದೆ. ಕಾಕು ಮಣೆಯ ಮೇಲೆ ಕುಳಿತಿದ್ದರು. ಎಡ ಅಂಗೈಯಲ್ಲಿ ಲಿಂಗ, ಅದರ ಮೇಲೆ ಒಂದು ಪತ್ರಿ, ಕಣ್ಣು ಅಲ್ಲೇ. ಎಡಗೈ ಕಲ್ಲಿನ ಹಾಗೆ ನಿಂತಿದೆ. ಬಲಭುಜ ಮಾತ್ರ ಜೋಳ ಹಸನು ಮಾಡುವವರ ಹಾಗೆ ಮೇಲೆ ಕೆಳಗೆ, ಮೇಲೆ ಕೆಳಗೆ. ನನಗೆ ಮೊದಲು ಬಂದದ್ದು ನಗು. ಆಮೇಲೆ ತಲೆ ಎತ್ತಿ ಸೂರು ನೋಡಿದೆ. ನಾನೇ ಕೂಡಿಸಿದ ಸೆನ್ಸರು ಮೇಲಿನಿಂದ ಅವರನ್ನು ನೋಡುತ್ತಿತ್ತು.

ಪೂಜೆ ಮುಗಿಸಿ ಲಿಂಗವನ್ನು ಕೊರಳಿನ ಕರಡಿಗೆಗೆ ಸೇರಿಸಿ ಹೊರಗೆ ಬಂದವರನ್ನು ಕೇಳಿದೆ. ಅವರು ಏನೂ ಆಗಿಲ್ಲವೆಂಬಂತೆ ಹೇಳಿದರು.

“ಜಡ್ಡಿಲ್ಲ ಗಿಡ್ಡಿಲ್ಲೋ ತಮ್ಮಾ. ಸುಮ್ಮ ಕುಂತ್ರ ನಿನ್ನ ಲೈಟ ಶಾಂತ ಆಗತೈತಿ. ಮೂಡಣಕ್ಕ ಮುಖಾ ಮಾಡಿ ಕುಂತ್ರ ದೇವರ ಜಗಲಿ ಮ್ಯಾಗಿನ ದೀಪದ ಬೆಳಕ ನನ್ನ ಬೆನ್ನಿಗೆ ಬೀಳತೈತಿ, ಅಂಗೈಯಾಗಿನ ಲಿಂಗ ಕಾಣಂಗಿಲ್ಲ. ಎಡಗೈ ಅಲ್ಲಾಡಸಾಕ ಬರಂಗಿಲ್ಲಲಾ, ಅದಕ್ಕ ಈ ಭುಜ ಅಲ್ಲಾಡಸ್ತೇನಿ. ರೂಢಿ ಆಗೇತಿ ಬಿಡು.”

“ಮತ್ತ ಮನಸ ನಿಂದರ್ತೈತೇನ್ರಿ ಕಾಕು?”

“ಹೆಂಗ ನಿಂದರಬೇಕೋ? ಮನಸ ನಿಂದ್ರೂ ಹೊತ್ತಿಗೆ ಲೈಟ ಹೋಗೂ ಹೊತ್ತಾಗಿರತೈತಿ.”

“ಇಷ್ಟ ದಿನಾ ಯಾಕ ಹೇಳಲಿಲ್ರಿ?”

“ನಿಮ್ಮ ಕಾಕಾ ಕಲಿಸಿದಾಂವ ನೀನು. ನೀ ಮಾಡಿದ್ದು ತಪ್ಪಂದ್ರ ಅವರಿಗೆ ಅಂದಂಗ ಆಗತೈತಿ.” ಇಷ್ಟು ಹೇಳಿ ನನಗೆ ಚಾ ಇಡಲು ಹೋದರು.

ಕೇಳಿದಿರಾ ಕಾಕಾ? ನಿಮ್ಮ ಮರ್ಯಾದೆ ಉಳಿಸುವುದಕ್ಕೆ ನಿಮ್ಮ ಹೆಂಡತಿ ತಿಂಗಳುಗಟ್ಟಲೆ ಭುಜ ಕುಣಿಸಿಕೊಂಡು ಪೂಜೆ ಮಾಡಿದ್ದಾರೆ. ನನಗೇನು ಲಿಂಗಪೂಜೆ ಗೊತ್ತಿರಲಿಲ್ಲವೇ? ಬೇರೆ ಜಾತಿಯವನೇ, ಬೇರೆ ದೇಶದವನೇ? ನನ್ನ ಕೊರಳಲ್ಲೂ ಲಿಂಗವಿದೆ. ಅದನ್ನು ಕಟ್ಟಿಕೊಂಡೇ ಏಣಿ ಹತ್ತಿ, ಅಲುಗಾಡದೆ ಕೂರುವವರ ತಲೆಯ ಮೇಲೆ ಅಲುಗಾಡಿದರಷ್ಟೇ ಬೆಳಗುವ ಬಲ್ಬು ಕೂಡಿಸಿದೆ. ಅಂಗೈಯಲ್ಲಿ ಇಟ್ಟುಕೊಂಡು ಕುಳಿತು ಎಷ್ಟು ವರ್ಷವಾಗಿದೆಯೋ... ಅಂಗಿಯ ಗುಂಡಿಯಂತೆ ಅದೂ ಒಂದು ಆಗಿಬಿಟ್ಟಿತ್ತು ನನಗೆ. ಎಮ್ಮೆಯ ಮುಂದೆ ಸೆನ್ಸರ್ ಹಾಕಿಸಿದವನನ್ನು ನೋಡಿ ನಕ್ಕವನು ನಾನು. ಅವನಿಗಿಂತ ಆ ಎಮ್ಮೆಗೆ ಹೆಚ್ಚು ಬುದ್ಧಿ ಎಂದಿದ್ದೆ. ನನಗಿಂತ ಯಾವುದಕ್ಕೆ ಹೆಚ್ಚು ಬುದ್ಧಿ ಎಂದು ಯಾರನ್ನು ಕೇಳಲಿ?

ಮುರಗೋಡದಲ್ಲಿ ನೀವು ಒಂದು ಮನೆಯ ವೈರಿಂಗ್ ಹಿಡಿದಾಗ ಮೊದಲ ದಿನವಿಡೀ ಚೀಲವನ್ನೇ ಬಿಚ್ಚಿರಲಿಲ್ಲ. ಬೆಳಿಗ್ಗೆ ಹೋಗಿ ಪಡಸಾಲೆಯಲ್ಲಿ ಕುಳಿತಿರಿ. ರೊಟ್ಟಿ ಬಡಿಯುವ ಹೆಣ್ಣುಮಗಳ ನೆರಳು ಎತ್ತ ಬೀಳುತ್ತದೆ, ಕೊಡ ಹೊತ್ತವಳ ಯಾವ ಕೈ ಖಾಲಿ ಇರುತ್ತದೆ, ಅಜ್ಜ ಎಲ್ಲಿ ಕೂತು ಔಷಧ ತಗೊಳ್ಳುತ್ತಾನೆ, ಎಲ್ಲ ನೋಡಿ ಗೋಡೆಗೆ ಸುಣ್ಣದಕಡ್ಡಿಯಿಂದ ಗುರುತು ಹಾಕಿದಿರಿ. “ಕಾಕಾ ಚಾ ಕುಡ್ಯಾಕ ಬಂದಾರ” ಎಂದು ನಾನು ಆ ಮನೆಯವರ ಮುಂದೆಯೇ ಚೇಷ್ಟೆ ಮಾಡಿದ್ದೆ. ನೀವು ಒಂದು ಮನೆ ಮುಗಿಸುವುದರಲ್ಲಿ ನಾನು ಮೂರು ಮುಗಿಸುತ್ತೇನೆ ಎಂದು ಊರೆಲ್ಲ ಹೇಳಿಕೊಂಡು ತಿರುಗಿದೆ. ಮುಗಿಸಿದೆ, ನಿಜವಾಗಿಯೂ ಮುಗಿಸಿದೆ.

ಆ ಸೋಮವಾರವೇ ಕಾಕುವಿನ ದೇವರ ಖೋಲಿಯ ಸೆನ್ಸರ್ ಕಿತ್ತು ಬಟನ್ ಕೂಡಿಸಿದೆ. ಈರಣ್ಣ ರಾಗ ತೆಗೆದ. “ಮತ್ತ ಮರೀತಾಳಲ್ಲಪಾ.”

“ಮರೀಲಿ ಬಿಡ್ರಿ ಮಾಸ್ತರ. ನಿಮ್ಮ ಫ್ಯಾನ್ ಬಂದ್ ಮಾಡಿದ್ರ ಅವ್ವಾರ ಲೈಟ ವರ್ಷಾನಗಟ್ಟಲೆ ಉರೀಬಹುದು.” ಮುಖ ಸಣ್ಣದು ಮಾಡಿಕೊಂಡ. ಮರುದಿನ ಬೆಳಿಗ್ಗೆ ಹೋಗಿ ಮತ್ತೆ ಸಂದಿಯಿಂದ ನೋಡಿದೆ. ಬಲ್ಬು ಚೆನ್ನಾಗಿ ಉರಿಯುತ್ತಿತ್ತು. ಕಾಕುವಿನ ಬಲಭುಜ ಇನ್ನೂ ಮೇಲೆ ಕೆಳಗೆ ಆಡುತ್ತಿತ್ತು. ಅದು ನಿಲ್ಲುವುದಕ್ಕೆ ದಸರೆಯವರೆಗೆ ಹಿಡಿಯಿತು.

ಉಳಿದ ಎಂಟು ಮನೆಗೆ ಗಾಡಿ ಹತ್ತಿದೆ. ಒಂದು ಮನೆಯಲ್ಲಿ ಸೆನ್ಸರಿಗೆ ಜೇಡ ಬಲೆ ನೇಯ್ದಿತ್ತು, ದೇವರ ಖೋಲಿಗೆ ಯಾರೂ ಕಾಲಿಟ್ಟಿರಲೇ ಇಲ್ಲ. ದೊಡ್ಡ ಭಕ್ತರು, ಮನೆಯ ಹೆಸರು ಮಾತ್ರ ‘ಶಿವಕೃಪಾ’. ಮುರಗೋಡದ ಅಜ್ಜಿಯೊಬ್ಬರು ಬೆಕ್ಕನ್ನು ಒಳಗೆ ಬಿಟ್ಟುಕೊಂಡು ಪೂಜೆ ಮಾಡುತ್ತಿದ್ದರು. “ಅದು ಆಡಕೋತ ಇದ್ರ ಲೈಟ ಇರತೈತ್ರಿ” ಎಂದು ನನಗೇ ಉಪಾಯ ಹೇಳಿಕೊಟ್ಟರು. ಇನ್ನೊಂದು ಮನೆಯವರು, ನಿಂತೇ ಪೂಜೆ ಮಾಡುವವರು, ಕಿತ್ತರೆ ಪಕ್ಕದ ಮನೆಯವರು ಏನಂದಾರು ಎಂದು ಕೀಳಲು ಬಿಡಲೇ ಇಲ್ಲ. ಇರಲಿ, ಅವರಿಗೆ ಅದೇ ಸರಿ.

ಕಟಕೋಳ ಕೊನೆಗೆ ಉಳಿಯಿತು. ಮುನವಳ್ಳಿ ದಾಟಿ ಅಷ್ಟು ದೂರ ಹೋಗಲು ಬೇಸರ, ನಾಳೆ ನಾಳೆ ಎನ್ನುತ್ತ ಹದಿನೈದು ದಿನ ತಳ್ಳಿದ್ದೆ. ಹೋದರೆ ಪಡಸಾಲೆಯಲ್ಲಿ ಅಜ್ಜನ ಫೋಟೋ, ಅದಕ್ಕೆ ಹಾರ. ಸೆನ್ಸರ್ ಕೂಡಿಸುವ ದಿನ ನನ್ನ ಏಣಿ ಹಿಡಿದು ನಿಂತಿದ್ದ ಶಿವಲಿಂಗಪ್ಪ ಅಜ್ಜ. ಎದ್ದು ಹೋದರೆ ಆರುತ್ತದೆ ಎಂದಷ್ಟೇ ಅವರಿಗೆ ಹೇಳಿದ್ದೆ, ಸುಮ್ಮನೆ ಕುಳಿತರೂ ಆರುತ್ತದೆಂದು ಹೇಳಿರಲಿಲ್ಲ. ಸೊಸೆ ನೀರು ತಂದುಕೊಟ್ಟರು. “ಮಾವಾರು ಹೋಗಿ ಎರಡ ತಿಂಗಳಾತ್ರಿ.”

ಕೇಳಬಾರದಿತ್ತು. ಕೇಳಿದೆ. “ಅಜ್ಜಾರು ಕಡೀ ಮಟಾ ಪೂಜಿಗೆ ಕುಂಡ್ರತಿದ್ರೇನ್ರಿ?”

“ಬುದ್ಧಿ ಬಂದಾಗಿಂದ ಒಂದಿನಾ ಬಿಟ್ಟಿದ್ದಿಲ್ರಿ. ಕಡೀಕ ಬಿಟ್ಟಬಿಟ್ರು. ಲಿಂಗಾ ನೋಡಕೋತ ಕುಂತ್ರ ಕಣ್ಣ ಮುಂದ ಮಬ್ಬ ಬರತೈತಿ, ಆಮ್ಯಾಲೆ ಕತ್ತಲೀನ ಆಗತೈತಿ ಅಂತಿದ್ರು. ಎದ್ದ್ರ ಮತ್ತ ಎಲ್ಲಾ ಕಾಣತೈತಿ ಅಂತ. ಕಣ್ಣಿನ ಡಾಕ್ಟರ ಕಡೆ ಒಯ್ದ್ವಿ. ಕಣ್ಣಿಗೆ ಏನೂ ಆಗಿಲ್ಲ, ವಯಸ್ಸಿಗೆ ಭಾಳ ಚಲೋ ಅದಾವು ಅಂದ್ರು.”

“ಮತ್ತ?”

“ಚಲೋ ಆತು ಅಂತ ನಾವು ಖುಷಿ ಆದ್ವಿ. ಅವರು ಅವತ್ತ ಊಟಾನ ಮಾಡಲಿಲ್ರಿ. ಕಣ್ಣ ಚಲೋ ಅದಾವಂದ್ರ, ಶಿವಾನ ನನಗ ಕಾಣಸ್ಕೊಳ್ಳಾಕ ಒಲ್ಲೆ ಅಂತಾನ, ನನ್ನ ಕಡಿಂದ ಏನೋ ತಪ್ಪ ಆಗೇತಿ ಅಂದ್ರು. ಆಮ್ಯಾಲೆ ಕರಡಿಗಿ ತಗೀಲೇ ಇಲ್ಲ. ಕೊರಳಾಗಿದ್ದದ್ದ ಕೊರಳಾಗ ಇತ್ತು. ಸಾಯೂ ತನಕ ಅದ ಒಂದ ಮಾತ್ರಿ, ನಾ ಏನ ತಪ್ಪ ಮಾಡೇನಿ, ನಾ ಏನ ತಪ್ಪ ಮಾಡೇನಿ ಅಂತ.”

ಆಗಲಾದರೂ ಬಾಯಿ ಬಿಡಬೇಕಿತ್ತಲ್ಲವೇ ಕಾಕಾ? ನಿಮ್ಮ ಶಿಷ್ಯ ಹೇಳಿದ್ದು ಏನು ಗೊತ್ತೇ? “ವೈರ್ ಸಡ್ಲ ಆಗೇತ್ರಿ, ಬದಲಿ ಮಾಡ್ತೇನಿ.” ಹಾಗೆ ಸುಳ್ಳು ಹೇಳಿ, ಅಜ್ಜ ಕೂರುತ್ತಿದ್ದ ಮಣೆಯ ಪಕ್ಕದಲ್ಲೇ ಏಣಿ ನಿಲ್ಲಿಸಿ, ಸೆನ್ಸರ್ ಕಿತ್ತು ಕಿಸೆಗೆ ಹಾಕಿಕೊಂಡು ಬಂದೆ. ಆ ತಾಯಿ ಬಾಗಿಲತನಕ ಬಂದು “ಅಷ್ಟ ದೂರದಿಂದ ನೆನಪಿಟ್ಟು ಬಂದ್ರಿ, ಪುಣ್ಯಾ ಬರತೈತಿ ನಿಮಗ” ಎಂದರು. ಕಳ್ಳ ಕೂಡ ಕದ್ದ ಮನೆಯವರಿಂದ ಹರಸಿಸಿಕೊಂಡು ಬರುವುದಿಲ್ಲ. ಗಿರಾಕಿಗಳನ್ನು, ಮಾಸ್ತರರನ್ನು, ಸಾಹುಕಾರರನ್ನು ಎಷ್ಟೊಂದು ಹೀಯಾಳಿಸಿದೆನಲ್ಲ, ಅವರೆಲ್ಲರ ದಡ್ಡತನ ಕೂಡಿಸಿದರೂ ಒಬ್ಬ ಮುದುಕನ ದೇವರನ್ನು ಅವನಿಂದ ಕಸಿದಿರಲಿಲ್ಲ.

ಬರುವ ರವಿವಾರ ಮತ್ತೆ ಕಟಕೋಳಕ್ಕೆ ಹೋಗುತ್ತೇನೆ. ಆ ಸೊಸೆಯ ಮುಂದೆ ನಿಂತು ಇದ್ದದ್ದು ಇದ್ದಂತೆ ಹೇಳುತ್ತೇನೆ. ಬೈಯಲಿ, ಹೊಡೆಯಲಿ, ಹೇಳಿಯೇ ಬರುತ್ತೇನೆ, ಇದು ನಿಮಗೆ ಕೊಟ್ಟ ಮಾತು. ಆದರೆ ಕೇಳಬೇಕಾದವರು ಅಲ್ಲಿಲ್ಲ, ನೀವಿರುವ ಕಡೆ ಇದ್ದಾರೆ. ನಿಮ್ಮ ವಾರಿಗೆಯವರೇ, ಎತ್ತರದ ಆಳು, ದೊಡ್ಡ ಮೀಸೆ. ಎಲ್ಲರಿಂದ ದೂರ ಕುಳಿತು ಏನು ತಪ್ಪಾಯಿತೆಂದು ಯೋಚಿಸುತ್ತಿರುತ್ತಾರೆ. ಹುಡುಕಿ ಅವರ ಹತ್ತಿರ ಹೋಗಿ ಕುಳಿತುಕೊಳ್ಳಿ ಕಾಕಾ. ನನ್ನ ಹೆಸರು ಹಿಡಿದೇ ಹೇಳಿ. ನಿಮ್ಮದೇನೂ ತಪ್ಪಿಲ್ರಿ ಅಜ್ಜಾರ, ಶಿವ ಎಲ್ಲೂ ಹೋಗಿದ್ದಿಲ್ಲ, ನಿಮ್ಮ ಅಂಗೈಯಾಗ ಇದ್ದ, ಲೈಟ ಹೋಗಿತ್ತು ಅಂತ.